ಕಟ್ಟದ ಕಾಲೇಜಿನ ಚಿತ್ರಗುರು

ಛಾಯಾಚಿತ್ರದ ಕಲೆ ಹುಟ್ಟುವುದಕ್ಕೆ ಮೊದಲು ಮನುಷ್ಯನ ಮುಖವು ಬಹು ಬೇಗ ಅಳಿದುಹೋಗುವ ವಸ್ತುವಾಗಿತ್ತು. ಮಡಿದವನ ಹೆಸರು ಉಳಿಯುತ್ತಿತ್ತು, ಅವನು ಕಟ್ಟಿಸಿದ ಮನೆ ಉಳಿಯುತ್ತಿತ್ತು, ಬರೆದಿಟ್ಟ ಕಾಗದಪತ್ರಗಳು ಉಳಿಯುತ್ತಿದ್ದವು. ಆದರೆ ಅವನ ಕಣ್ಣಿನ ನೋಟ, ತುಟಿಯ ಕೊಂಕು, ಹಣೆಯ ಗೆರೆ ಇವು ಅವನನ್ನು ಕಂಡವರ ನೆನಪಿನೊಡನೆಯೇ ಮಣ್ಣುಗೂಡುತ್ತಿದ್ದವು. ಮೊಮ್ಮಕ್ಕಳಿಗೆ ಅಜ್ಜನ ಮುಖವನ್ನು ಉಳಿಸಿಕೊಡಬೇಕೆಂದರೆ ಭಾವಚಿತ್ರಕಾರನೊಬ್ಬನ ಎದುರು ತಾಳ್ಮೆಯಿಂದ ಕುಳಿತು, ಬಣ್ಣದಲ್ಲಿ ಅದನ್ನು ಬರೆಯಿಸಿಕೊಳ್ಳಬೇಕಾಗಿತ್ತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಅಮೆರಿಕವಿನ್ನೂ ಬ್ರಿಟಿಷರ ವಸಾಹತಾಗಿದ್ದ ದಿನಗಳಲ್ಲಿ, ಅಲ್ಲಿನ ಜನರಿಗೆ ಅಂಥ ಚಿತ್ರಕಾರನು ದೊರೆಯುವುದೇ ದುರ್ಲಭವಾಗಿತ್ತು. ಕಾಡು ಕಡಿದು ಹೊಲ ಮಾಡುವವರ, ಹಡಗು ಕಟ್ಟಿ ವ್ಯಾಪಾರ ನಡೆಸುವವರ ಆ ನಾಡಿಗೆ ಯೂರೋಪಿನ ದೊಡ್ಡ ಕಲಾಶಾಲೆಗಳ ಗಾಳಿ ಇನ್ನೂ ಸೋಕಿರಲಿಲ್ಲ.

ಅಂಥ ನಾಡಿಗೆ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಲಂಡನ್ನಿನ ತುಂಬಿದ ಜೀವನವನ್ನು ಬಿಟ್ಟು ಚಿತ್ರಕಾರನೊಬ್ಬನು ಹೊರಟುಬಂದನು. ಅವನು ಬಂದದ್ದು ಒಂದು ಕಾಲೇಜಿನಲ್ಲಿ ಚಿತ್ರಕಲೆಯನ್ನು ಬೋಧಿಸುವುದಕ್ಕೆ. ಆ ಕಾಲೇಜು ಎಂದೂ ಕಟ್ಟಲ್ಪಡಲಿಲ್ಲ. ಆದರೂ ಅವನ ಬೋಧನೆ ಮಾತ್ರ ನಡೆಯಿತು; ಅವನು ಕಣ್ಮುಚ್ಚಿದ ಮೇಲೂ ಬಹುಕಾಲ ನಡೆಯಿತು. ಅವನ ಹೆಸರು ಜಾನ್ ಸ್ಮೈಬರ್ಟ್.

ಸ್ಮೈಬರ್ಟನು 1688ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದನು. ಅವನ ತಂದೆ ಅಲೆಗ್ಸಾಂಡರ್ ಉಣ್ಣೆಗೆ ಬಣ್ಣ ಕಟ್ಟುವ ಕಸುಬಿನವನು. ಹುಡುಗನಿಗೆ ಬಣ್ಣದ ಪರಿಚಯವು ಮನೆಯ ಕೊಪ್ಪರಿಗೆಯಲ್ಲಿಯೇ ಆಗಿರಬೇಕು. ಆದರೆ ಚಿತ್ರಕಲೆಯನ್ನು ಕಲಿಯುವ ಅನುಕೂಲ ಆ ಮನೆಯಲ್ಲಿಯೂ ಇರಲಿಲ್ಲ, ಆ ಊರಿನಲ್ಲಿಯೂ ಇರಲಿಲ್ಲ. 1702ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅವನನ್ನು ಮನೆಗಳಿಗೆ ಬಣ್ಣ ಬಳಿಯುವ, ಗಾರೆ ಮಾಡುವ ಕಸುಬುದಾರನೊಬ್ಬನ ಬಳಿ ಕೆಲಸ ಕಲಿಯಲು ಸೇರಿಸಲಾಯಿತು. ಏಳು ವರ್ಷಗಳ ಕಾಲ ಅವನು ಅಲ್ಲಿ ದುಡಿದನು. ಗೋಡೆಗೆ ಸುಣ್ಣ ಬಳಿಯುವ ಕೈಗೆ ಮುಂದೊಂದು ದಿನ ಮನುಷ್ಯರ ಮುಖವನ್ನು ತಿದ್ದುವ ಭಾಗ್ಯ ಒದಗೀತೆಂದು ಆಗ ಯಾರೂ ಊಹಿಸಿರಲಾರರು.

ಅವಧಿ ಮುಗಿದೊಡನೆ, 1709ರಲ್ಲಿ, ಅವನು ಲಂಡನ್ನಿಗೆ ಹೋದನು. ಅಲ್ಲಿ ಹೊಟ್ಟೆಪಾಡಿಗಾಗಿ ಸಿರಿವಂತರ ಸಾರೋಟುಗಳಿಗೆ ಬಣ್ಣ ಬಳಿದನು. ಚಿತ್ರವ್ಯಾಪಾರಿಗಳಿಗಾಗಿ ಹಳೆಯ ಚಿತ್ರಗಳ ಪ್ರತಿಗಳನ್ನು ಬರೆದುಕೊಟ್ಟನು. 1711ರಲ್ಲಿ ಗಾಡ್‌ಫ್ರಿ ನೆಲ್ಲರ್ ಎಂಬ ಪ್ರಸಿದ್ಧ ಭಾವಚಿತ್ರಕಾರನ ನೇತೃತ್ವದಲ್ಲಿ ಲಂಡನ್ನಿನಲ್ಲಿ ಚಿತ್ರಶಾಲೆಯೊಂದು ಆರಂಭವಾಗಿತ್ತು. ಅಲ್ಲಿ ಸಜೀವ ಮನುಷ್ಯರನ್ನು ಎದುರಿಗೆ ನಿಲ್ಲಿಸಿಕೊಂಡು ರೇಖೆ ತೆಗೆಯುವುದನ್ನು ಅಭ್ಯಾಸಮಾಡಬಹುದಾಗಿತ್ತು. ಸ್ಮೈಬರ್ಟನು 1713ರಲ್ಲಿ ಆ ಶಾಲೆಯನ್ನು ಸೇರಿದನು. ಹಗಲಿನ ಕೂಲಿಯೂ ಕಲಿಕೆಯೂ ಹೀಗೆ ಜೊತೆಜೊತೆಯಾಗಿ ಸಾಗಿದವು.

ಆ ಕಾಲದ ಚಿತ್ರಕಾರನಿಗೆ ಇಟಲಿಯ ಯಾತ್ರೆಯೇ ವಿದ್ಯೆಯ ಕೊನೆಯ ಮೆಟ್ಟಿಲು. ರ್‍ಯಾಫೆಲ್, ಟಿಷಿಯನ್ ಮೊದಲಾದ ಮಹಾಕಲಾವಿದರ ಕೃತಿಗಳನ್ನು ಕಣ್ಣಾರೆ ಕಾಣದವನ ಕಲಿಕೆ ಪೂರ್ಣವಾಯಿತೆಂದು ಯಾರೂ ಒಪ್ಪುತ್ತಿರಲಿಲ್ಲ. ಸ್ಮೈಬರ್ಟನು 1719ರಲ್ಲಿ ಇಟಲಿಗೆ ತೆರಳಿ, ಫ್ಲಾರೆನ್ಸ್, ರೋಮ್, ನೇಪಲ್ಸ್ ನಗರಗಳಲ್ಲಿ ಸುಮಾರು ಮೂರು ವರ್ಷ ಕಳೆದನು. ಚಿತ್ರಶಾಲೆಗಳಲ್ಲಿ ಗಂಟೆಗಟ್ಟಲೆ ನಿಂತು ಹಿರಿಯರ ಕೃತಿಗಳನ್ನು ಪ್ರತಿಮಾಡಿದನು. ಹಾಗೆ ಪ್ರತಿಮಾಡಿದವುಗಳಲ್ಲಿ ಫ್ಲೆಮಿಶ್ ಕಲಾವಿದ ವ್ಯಾನ್ ಡೈಕನು ಬರೆದ ಕಾರ್ಡಿನಲ್ ಬೆಂಟಿವೋಲಿಯೋ ಎಂಬ ಧರ್ಮಗುರುವಿನ ಭಾವಚಿತ್ರವೂ ಒಂದು. ಕೆಂಪು ನಿಲುವಂಗಿ ತೊಟ್ಟು ಕುಳಿತ ಆ ಧರ್ಮಗುರುವಿನ ಚಿತ್ರವು ಈ ಕಥೆಯಲ್ಲಿ ಮುಂದೆ ಮತ್ತೆ ಬರುತ್ತದೆ. ಓದುಗರು ಅದನ್ನು ನೆನಪಿನಲ್ಲಿಡಬೇಕು.

ಪ್ರತಿಮಾಡುವುದೆಂದರೆ ಇಂದು ನಮಗೆ ಹಗುರವಾದ ಮಾತಾಗಿ ಕೇಳಿಸುತ್ತದೆ. ಅಂದಿನ ಚಿತ್ರಕಾರನಿಗೆ ಅದು ತಪಸ್ಸಿನಂತಿತ್ತು. ಮೂಲ ಕಲಾವಿದನು ನೆರಳಿನ ಮೇಲೆ ಬೆಳಕನ್ನು ಹೇಗೆ ಕೂರಿಸಿದನು, ಕೆನ್ನೆಯ ಕೆಂಪಿಗೆ ಯಾವ ಬಣ್ಣದ ಮೇಲೆ ಯಾವ ಬಣ್ಣದ ತೆಳುಪದರವನ್ನು ಹರಡಿದನು, ರೇಷ್ಮೆಯ ಮಡಿಕೆಯನ್ನು ಎಷ್ಟು ಕಡಮೆ ಕುಂಚದೇಟುಗಳಲ್ಲಿ ಮುಗಿಸಿದನು ಎಂಬುದನ್ನೆಲ್ಲ ಕೈಯಿಂದಲೇ ಕೇಳಿ ತಿಳಿಯಬೇಕಾಗಿತ್ತು. ಆ ಪ್ರತಿಗಳನ್ನೂ, ಇಟಲಿಯಲ್ಲಿ ಸಂಗ್ರಹಿಸಿದ ಮುದ್ರಿತ ಚಿತ್ರಗಳನ್ನೂ, ಪ್ರಾಚೀನ ಶಿಲ್ಪಗಳ ಗಾರೆಯಚ್ಚುಗಳನ್ನೂ ಕಟ್ಟಿಕೊಂಡು ಸ್ಮೈಬರ್ಟನು 1722ರಲ್ಲಿ ಲಂಡನ್ನಿಗೆ ಮರಳಿದನು. ಆ ಗಂಟುಗಳು ಮುಂದೆ ಎಲ್ಲಿಯವರೆಗೆ ಪಯಣ ಮಾಡಲಿವೆ ಎಂಬುದು ಅವನಿಗೂ ತಿಳಿದಿರಲಿಲ್ಲ.

ಲಂಡನ್ನಿನಲ್ಲಿ ಅವನಿಗೆ ಕೆಲಸಕ್ಕೆ ಕೊರತೆಯಾಗಲಿಲ್ಲ. ಬರೆದ ಪ್ರತಿಯೊಂದು ಭಾವಚಿತ್ರದ ವಿವರವನ್ನೂ, ಅದಕ್ಕೆ ಬಂದ ಹಣವನ್ನೂ ಅವನು ಒಂದು ಚಿಕ್ಕ ಪುಸ್ತಕದಲ್ಲಿ ಗುರುತುಹಾಕಿಕೊಳ್ಳುತ್ತಿದ್ದನು. 1719ರಿಂದ 1746ರವರೆಗಿನ ಬರವಣಿಗೆಯುಳ್ಳ ಈ ಪುಸ್ತಕವು ಅದೃಷ್ಟವಶಾತ್ ಲಂಡನ್ನಿನ ಸರ್ಕಾರಿ ದಾಖಲೆಗಳ ನಡುವೆ ಉಳಿದುಬಂದು, 1969ರಲ್ಲಿ ಮ್ಯಾಸಚೂಸೆಟ್ಸ್ ಇತಿಹಾಸ ಸಂಘದಿಂದ ಅಚ್ಚಾಯಿತು. ಕೆಲಸವಿದ್ದರೂ ಸ್ಮೈಬರ್ಟನಿಗೆ ಮನಸ್ಸು ತೃಪ್ತವಾಗಿರಲಿಲ್ಲ. ಅವನನ್ನು ಬಲ್ಲ ಜಾರ್ಜ್ ವರ್ಚೂ ಎಂಬ ಕೆತ್ತನೆಗಾರನು ತನ್ನ ಟಿಪ್ಪಣಿಗಳಲ್ಲಿ ಇದಕ್ಕೆ ಕಾರಣವನ್ನು ಹೇಳಿದ್ದಾನೆ. ಲಂಡನ್ನಿನ ಒಳ್ಳೆಯ ಚಿತ್ರಕಾರರ ಸಾಲಿನಲ್ಲಿ ಒಬ್ಬನಾಗಿರುವುದು ಸ್ಮೈಬರ್ಟನಿಗೆ ಸಾಕೆನಿಸಲಿಲ್ಲ. ತನ್ನ ಕಸುಬಿನಲ್ಲಿ ತಾನೇ ಮೊದಲಿಗನೆನಿಸಿಕೊಳ್ಳುವ ಎಡೆಯಲ್ಲಿರಬೇಕೆಂದು ಅವನು ಬಯಸಿದನು. ಹತ್ತರಲ್ಲಿ ಹನ್ನೊಂದಾಗುವುದಕ್ಕಿಂತ, ಯಾರೂ ಇಲ್ಲದೆಡೆ ಒಬ್ಬನಾಗುವುದು ಲೇಸೆಂದು ಅವನಿಗೆ ತೋರಿರಬೇಕು.

ಆ ಬಯಕೆಗೆ ದಾರಿ ತೋರಿಸಿದವನು ಜಾರ್ಜ್ ಬರ್ಕ್ಲಿ. ಐರ್ಲೆಂಡಿನಲ್ಲಿ ಹುಟ್ಟಿದ ಬರ್ಕ್ಲಿಯು ಆ ಯುಗದ ಹೆಸರಾಂತ ತತ್ತ್ವಜ್ಞಾನಿ. ಕಾಣುವ ಮನಸ್ಸಿಲ್ಲದೆ ಕಾಣಲ್ಪಡುವ ವಸ್ತುವಿಗೆ ಅಸ್ತಿತ್ವವಿಲ್ಲವೆಂದು ವಾದಿಸಿದವನು. ಅವನು ಅಟ್ಲಾಂಟಿಕ್ ಸಾಗರದ ನಡುವಣ ಬರ್ಮುಡಾ ದ್ವೀಪದಲ್ಲಿ ಒಂದು ಕಾಲೇಜನ್ನು ಸ್ಥಾಪಿಸಲು ಸಂಕಲ್ಪಿಸಿದ್ದನು. ವಸಾಹತುಗಾರರ ಮಕ್ಕಳೂ ಅಮೆರಿಕದ ಮೂಲನಿವಾಸಿಗಳ ಮಕ್ಕಳೂ ಅಲ್ಲಿ ಕಲಿಯಬೇಕು, ಕಲಿತವರು ಧರ್ಮವನ್ನೂ ವಿದ್ಯೆಯನ್ನೂ ಖಂಡದಲ್ಲೆಲ್ಲ ಹರಡಬೇಕು ಎಂಬುದು ಅವನ ಕನಸು. ರಾಜನು ಸನ್ನದು ಕೊಟ್ಟನು. 1726ರಲ್ಲಿ ಪಾರ್ಲಿಮೆಂಟು 20,000 ಪೌಂಡುಗಳ ನೆರವಿಗೆ ಒಪ್ಪಿಗೆಯಿತ್ತಿತು. ಆ ಕಾಲೇಜಿನಲ್ಲಿ ಚಿತ್ರಕಲೆ ಮತ್ತು ವಾಸ್ತುಶಿಲ್ಪಗಳ ಅಧ್ಯಾಪಕನಾಗಬೇಕೆಂದು ಬರ್ಕ್ಲಿಯು ಸ್ಮೈಬರ್ಟನನ್ನು ಕರೆದನು. ಗೋಡೆಗೆ ಬಣ್ಣ ಬಳಿಯುತ್ತ ಬೆಳೆದವನಿಗೆ ಅಧ್ಯಾಪಕನ ಪೀಠ! ಸ್ಮೈಬರ್ಟನು ಒಪ್ಪಿದನು. 1728ರ ಸೆಪ್ಟೆಂಬರಿನಲ್ಲಿ ಅವರ ಹಡಗು ಇಂಗ್ಲೆಂಡಿನ ತೀರವನ್ನು ಬಿಟ್ಟಿತು. ಇಟಲಿಯಿಂದ ತಂದ ಪ್ರತಿಗಳೂ ಅಚ್ಚುಗಳೂ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕಕ್ಕೆ ಬಂದವು.

ವರ್ಜೀನಿಯಾದ ಮಾರ್ಗವಾಗಿ ಆ ಯಾತ್ರಿಕರು 1729ರ ಜನವರಿಯಲ್ಲಿ ರೋಡ್ ಐಲೆಂಡಿನ ನ್ಯೂಪೋರ್ಟ್ ಎಂಬ ರೇವುಪಟ್ಟಣವನ್ನು ಮುಟ್ಟಿದರು. ಪಾರ್ಲಿಮೆಂಟಿನ ಹಣ ಬರುವವರೆಗೆ ಅಲ್ಲಿಯೇ ತಂಗುವುದೆಂದು ಬರ್ಕ್ಲಿಯು ನಿಶ್ಚಯಿಸಿದನು. ಊರ ಸಮೀಪದಲ್ಲಿ ಹೊಲಗದ್ದೆ ಕೊಂಡು ಮನೆಯನ್ನೂ ಮಾಡಿಕೊಂಡನು. ದಿನಗಳು ಕಳೆದವು, ಹಣ ಬರಲಿಲ್ಲ. ತತ್ತ್ವಜ್ಞಾನಿಯು ಕಾಯಬಲ್ಲನು, ಕುಂಚದಿಂದ ಬದುಕುವವನು ಎಷ್ಟು ದಿನ ಕಾಯಬಲ್ಲನು? ಆ ವರ್ಷದ ಮೇ ತಿಂಗಳ ಹೊತ್ತಿಗೆ ಸ್ಮೈಬರ್ಟನು ಬಾಸ್ಟನ್ ನಗರಕ್ಕೆ ಹೋಗಿ ಕೆಲಸ ಆರಂಭಿಸಿದನು.

ಅಂದಿನ ಬಾಸ್ಟನ್ನಿನ ಜನಸಂಖ್ಯೆ ಸುಮಾರು 13 ಸಾವಿರ. ಬ್ರಿಟಿಷ್ ಅಮೆರಿಕದ ದೊಡ್ಡ ಪಟ್ಟಣಗಳಲ್ಲಿ ಅದು ಒಂದು. ಅದನ್ನು ಕಟ್ಟಿದವರು ಪ್ಯೂರಿಟನ್ ಪಂಥದವರು. ಸರಳ ಬಾಳು, ಕಟ್ಟುನಿಟ್ಟಾದ ಧರ್ಮಶ್ರದ್ಧೆ ಅವರ ಗುಣ. ದೇವಾಲಯಗಳಲ್ಲಿ ಚಿತ್ರಗಳಿಗೆ ಎಡೆಯಿರಲಿಲ್ಲ. ಆದರೆ ಹಡಗಿನ ವ್ಯಾಪಾರದಿಂದ ಐಶ್ವರ್ಯ ಬೆಳೆದಂತೆ ವರ್ತಕರಿಗೂ ನ್ಯಾಯಾಧೀಶರಿಗೂ ತಮ್ಮ ಮನೆಯ ಗೋಡೆಯ ಮೇಲೆ ತಮ್ಮ ಹಿರಿಯರ ಮುಖಗಳನ್ನು ಕಾಣುವ ಆಸೆ ಮೂಡಿತು. ಹಿಂದಿನ ಚಿತ್ರಕಾರರು ಮುಖದ ಗುರುತನ್ನು ಹಿಡಿಯುತ್ತಿದ್ದರೂ ಅವರ ಚಿತ್ರಗಳು ಹೆಚ್ಚಾಗಿ ಹಲಗೆಯಂತೆ ಚಪ್ಪಟೆಯಾಗಿರುತ್ತಿದ್ದವು. ನೆರಳು ಬೆಳಕುಗಳ ಬಲದಿಂದ ದುಂಡಾಗಿ ಎದ್ದುಬರುವ ಮುಖವನ್ನು ಬರೆಯಬಲ್ಲವನು ಈಗ ಬಂದಿದ್ದನು. 1730ರಲ್ಲಿ ಸ್ಮೈಬರ್ಟನು ತನ್ನ ಚಿತ್ರಗಳನ್ನೂ ಇಟಲಿಯ ಪ್ರತಿಗಳನ್ನೂ ಊರವರ ನೋಟಕ್ಕೆ ತೆರೆದಿಟ್ಟನು. ಅಮೆರಿಕದಲ್ಲಿ ನಡೆದ ಮೊತ್ತಮೊದಲ ಚಿತ್ರಪ್ರದರ್ಶನ ಇದೇ ಎಂದು ಹಲವರು ಹೇಳುತ್ತಾರೆ. ಅದನ್ನು ಕಂಡು ಬೆರಗಾದ ಮಾಥರ್ ಬೈಲ್ಸ್ ಎಂಬ ತರುಣ ಕವಿಯು ಚಿತ್ರಕಾರನನ್ನು ಹೊಗಳಿ ಪದ್ಯವೊಂದನ್ನು ರಚಿಸಿದನು.

ಬಾಸ್ಟನ್ನಿನ ಮೊದಲ ವರ್ಷದಲ್ಲಿಯೇ ಅವನು ಬರೆದ ಚಿತ್ರಗಳಲ್ಲಿ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೂಯಲ್‌ನ ಭಾವಚಿತ್ರ ಗಮನಾರ್ಹವಾದುದು. 1692ರಲ್ಲಿ ಸೇಲಂ ಪಟ್ಟಣದಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ಅಮಾಯಕರಿಗೆ ಮರಣದಂಡನೆ ವಿಧಿಸಿದ ನ್ಯಾಯಾಧೀಶರಲ್ಲಿ ಸೂಯಲ್‌ನೂ ಒಬ್ಬನಾಗಿದ್ದನು. ಐದು ವರ್ಷಗಳ ಬಳಿಕ ತುಂಬಿದ ದೇವಾಲಯದಲ್ಲಿ ಎದ್ದುನಿಂತು, ತನ್ನ ತಪ್ಪೊಪ್ಪಿಗೆಯನ್ನು ಎಲ್ಲರೆದುರು ಓದಿಸಿ, ಆ ಪಾಪದ ಹೊಣೆಯನ್ನು ಹೊತ್ತವನೂ ಅವನೇ. 1700ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಪುಸ್ತಿಕೆಯನ್ನೂ ಬರೆದನು. ಸ್ಮೈಬರ್ಟನ ಎದುರು ಕುಳಿತಾಗ ಅವನಿಗೆ ಎಪ್ಪತ್ತೇಳು ವರ್ಷ. ಚಿತ್ರ ಮುಗಿದು ಕೆಲವೇ ತಿಂಗಳುಗಳಲ್ಲಿ, 1730ರ ಹೊಸ ವರ್ಷದ ದಿನ ಅವನು ತೀರಿಕೊಂಡನು. ನರೆತ ಕೂದಲು ಭುಜದ ಮೇಲೆ ಇಳಿಬಿದ್ದ ಆ ವೃದ್ಧನ ಮುಖ ಇಂದಿಗೂ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಚಿತ್ರಕಾರನು ಒಂದು ವರ್ಷ ತಡಮಾಡಿ ಬಂದಿದ್ದರೆ ಆ ಮುಖವನ್ನು ಅವನ ಕುಂಚ ಕಾಣುತ್ತಲೇ ಇರಲಿಲ್ಲ.

ಭಾವಚಿತ್ರವನ್ನು ಬರೆಯುವ ಕ್ರಮವೂ ತಿಳಿಯತಕ್ಕದ್ದೇ. ಬಿಗಿದು ಕಟ್ಟಿದ ಬಟ್ಟೆಗೆ ಮೊದಲು ಒಂದು ನೆಲೆಬಣ್ಣವನ್ನು ಹಚ್ಚಿ ಒಣಗಿಸುತ್ತಿದ್ದರು. ಬಣ್ಣದ ಪುಡಿಗಳನ್ನು ಕಲ್ಲಿನ ಮೇಲೆ ಅಗಸೆಯ ಎಣ್ಣೆಯೊಡನೆ ನುಣ್ಣಗೆ ಅರೆಯುತ್ತಿದ್ದರು. ಮುಖವನ್ನು ಮಾತ್ರ ಎದುರಿಗೆ ಕುಳಿತವರನ್ನು ನೋಡಿಯೇ ಬರೆಯಬೇಕು. ಉಡುಪು, ಹಿನ್ನೆಲೆ, ಕೈಗಳ ಭಂಗಿ ಇವುಗಳಿಗೆ ಲಂಡನ್ನಿನಿಂದ ಬಂದ ಮುದ್ರಿತ ಚಿತ್ರಗಳ ಮಾದರಿ ಸಾಕಾಗುತ್ತಿತ್ತು. ಆದ್ದರಿಂದಲೇ ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಉಡುಪು ಒಂದೇ ಬಗೆಯದಾಗಿದ್ದರೂ ಮುಖಗಳು ಬೇರೆಬೇರೆಯಾಗಿವೆ. ಕೆಲವೊಮ್ಮೆ ಕುಳಿತುಕೊಳ್ಳಬೇಕಾದವನೇ ಇರುತ್ತಿರಲಿಲ್ಲ. 1732ರಲ್ಲಿ ಸ್ಮೈಬರ್ಟನು ಆಲಿವರ್ ಮನೆತನದ ಮೂವರು ಸೋದರರನ್ನು ಒಂದೇ ಮೇಜಿನ ಬಳಿ ಕುಳಿತಿರುವಂತೆ ಬರೆದನು. ಅವರಲ್ಲಿ ಡೇನಿಯಲ್ ಎಂಬವನು ಐದು ವರ್ಷಗಳ ಹಿಂದೆಯೇ ಮಡಿದಿದ್ದನು. ಒಂದು ಕಿರುಚಿತ್ರವನ್ನು ಆಧಾರವಾಗಿಟ್ಟುಕೊಂಡು ಚಿತ್ರಕಾರನು ಅವನನ್ನು ಬದುಕಿರುವ ಸೋದರರ ಪಕ್ಕದಲ್ಲಿ ಕೂರಿಸಿದನು. ಅಗಲಿದವನನ್ನು ಮನೆಯವರ ನಡುವೆ ಮರಳಿ ತಂದು ಕೂರಿಸುವ ಶಕ್ತಿ ಆ ಕಾಲದಲ್ಲಿ ಈ ಕಲೆಯೊಂದಕ್ಕೇ ಇತ್ತು.

ಇತ್ತ ಬರ್ಕ್ಲಿಯ ಕಾಯುವಿಕೆ ಕೊನೆಗಂಡಿತು. ಹಣ ಬರುವ ಸಂಭವವಿಲ್ಲವೆಂದು ಪ್ರಧಾನಮಂತ್ರಿ ವಾಲ್ಪೋಲನ ಮಾತಿನಿಂದ ಸ್ಪಷ್ಟವಾಯಿತು. 1731ರಲ್ಲಿ ಬರ್ಕ್ಲಿಯು ಇಂಗ್ಲೆಂಡಿಗೆ ಹಿಂದಿರುಗಿದನು. ತನ್ನ ಹೊಲವನ್ನೂ ಅನೇಕ ಪುಸ್ತಕಗಳನ್ನೂ ಅವನು ಯೇಲ್ ಕಾಲೇಜಿಗೆ ದಾನವಾಗಿ ಕೊಟ್ಟನು. ಬರ್ಮುಡಾದ ಕಾಲೇಜು ಕಾಗದದ ಮೇಲೆಯೇ ಉಳಿಯಿತು.

ಆ ಮುರಿದ ಕನಸು ಒಂದು ದೊಡ್ಡ ಚಿತ್ರದಲ್ಲಿ ಮಾತ್ರ ಮುರಿಯದೆ ನಿಂತಿದೆ. ಬರ್ಕ್ಲಿಯ ಮಿತ್ರ ಜಾನ್ ವೈನ್‌ರೈಟನು ಈ ಸಾಹಸದ ನೆನಪಿಗಾಗಿ ಬರೆಯಿಸಿದ ಆ ಚಿತ್ರಕ್ಕೆ ‘ಬರ್ಮುಡಾ ತಂಡ’ ಎಂದು ಹೆಸರು. ಅದರ ಅಗಲ ಏಳು ಅಡಿಗೂ ಹೆಚ್ಚು. ಬಲಗಡೆಯಲ್ಲಿ ಕಪ್ಪು ನಿಲುವಂಗಿಯ ಬರ್ಕ್ಲಿಯು ಪುಸ್ತಕದ ಮೇಲೆ ಕೈಯಿರಿಸಿ, ದೂರಕ್ಕೆ ದಿಟ್ಟಿಸುತ್ತ ನಿಂತಿದ್ದಾನೆ. ಮೇಜಿಗೆ ಬಣ್ಣಬಣ್ಣದ ರತ್ನಗಂಬಳಿ ಹೊದಿಸಿದೆ. ಒಬ್ಬನು ಲೇಖನಿ ಹಿಡಿದು ಅವನ ಮಾತನ್ನು ಬರೆದುಕೊಳ್ಳುತ್ತಿದ್ದಾನೆ. ಇಬ್ಬರು ಮಹಿಳೆಯರು ಕುಳಿತಿದ್ದಾರೆ. ಬರ್ಕ್ಲಿಯ ಪತ್ನಿಯ ಮಡಿಲಲ್ಲಿ ನ್ಯೂಪೋರ್ಟಿನಲ್ಲಿ ಹುಟ್ಟಿದ ಎಳೆಯ ಮಗುವಿದೆ. ಅಮೆರಿಕಕ್ಕೆ ಬಾರದೇ ಇದ್ದ ವೈನ್‌ರೈಟನೂ ಚಿತ್ರದಲ್ಲಿದ್ದಾನೆ. ಎಲ್ಲರಿಗಿಂತ ಎಡಕ್ಕೆ, ಹಿಂಬದಿಯಲ್ಲಿ, ಸುರುಳಿಯೊಂದನ್ನು ಹಿಡಿದು ನಮ್ಮನ್ನೇ ನೋಡುತ್ತಿರುವವನು ಸ್ಮೈಬರ್ಟ್. ಇಷ್ಟೊಂದು ಜನರನ್ನು ಒಂದೇ ಚೌಕಟ್ಟಿನಲ್ಲಿ ಹೊಂದಿಸಿ ಬರೆದ ಚಿತ್ರವನ್ನು ಅಮೆರಿಕವು ಅದುವರೆಗೆ ಕಂಡಿರಲಿಲ್ಲ. ತಂಡವು ಚದುರಿದ ಮೇಲೂ ಚಿತ್ರವು ಬಾಸ್ಟನ್ನಿನ ಚಿತ್ರಶಾಲೆಯಲ್ಲಿಯೇ ಉಳಿಯಿತು. ಅಲ್ಲಿಗೆ ಬಂದವರೆಲ್ಲ ಅದನ್ನು ಕಂಡರು. ರಾಬರ್ಟ್ ಫೀಕ್ ಎಂಬ ಸ್ಥಳೀಯ ಕಲಾವಿದನು ಅದರ ವಿನ್ಯಾಸವನ್ನೇ ಅನುಸರಿಸಿ 1741ರಲ್ಲಿ ಒಂದು ಕುಟುಂಬದ ಚಿತ್ರವನ್ನು ಬರೆದನು. ಮುಂದೆ ಅದು ಯೇಲ್ ವಿದ್ಯಾಸಂಸ್ಥೆಯ ವಶಕ್ಕೆ ಬಂದಿತು.

ಸ್ಮೈಬರ್ಟನು ಹಿಂದಿರುಗಲಿಲ್ಲ. 1730ರ ಜುಲೈನಲ್ಲಿ ಅವನು ಬಾಸ್ಟನ್ನಿನ ಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿದ್ದ ಡಾಕ್ಟರ್ ನಥಾನಿಯಲ್ ವಿಲಿಯಮ್ಸನ ಮಗಳು ಮೇರಿಯನ್ನು ವಿವಾಹವಾಗಿದ್ದನು. ಸಂಸಾರ ಬೆಳೆಯಿತು. ಆದರೆ ಭಾವಚಿತ್ರಗಳ ಬೇಡಿಕೆ ಒಂದೇ ಸಮನಾಗಿರುವಂಥದಲ್ಲ. ಊರಿನ ಸಿರಿವಂತರೆಲ್ಲ ಒಮ್ಮೆ ಬರೆಯಿಸಿಕೊಂಡ ಮೇಲೆ ಮತ್ತೆ ಬರಬೇಕಾದರೆ ಕಾಲ ಹಿಡಿಯುತ್ತದೆ. ಅದರ ಜೊತೆಗೆ ಆ ವಸಾಹತಿನ ಕಾಗದದ ಹಣದ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿತ್ತು. ಆದ್ದರಿಂದ ಅವನು 1734ರಲ್ಲಿ ಕ್ವೀನ್ ಬೀದಿಯ ತನ್ನ ಮನೆಯಲ್ಲಿ ಬಣ್ಣದ ಅಂಗಡಿಯನ್ನು ತೆರೆದನು. ಒಣ ಬಣ್ಣ, ಅರೆದ ಬಣ್ಣ, ಎಣ್ಣೆ, ಕುಂಚ, ಬೀಸಣಿಗೆ, ಯೂರೋಪಿನ ಮುದ್ರಿತ ಚಿತ್ರಗಳು ಇವೆಲ್ಲವೂ ತನ್ನಲ್ಲಿ ಸಗಟಾಗಿಯೂ ಚಿಲ್ಲರೆಯಾಗಿಯೂ ದೊರೆಯುವುವೆಂದು ವೃತ್ತಪತ್ರಿಕೆಯಲ್ಲಿ ಪ್ರಕಟಿಸಿದನು. ಕೆಳಗೆ ವ್ಯಾಪಾರ, ಮೇಲೆ ಚಿತ್ರಶಾಲೆ. ಬಣ್ಣ ಕೊಳ್ಳಲು ಬಂದ ತರುಣನು ಮೆಟ್ಟಿಲೇರಿ ಹೋದರೆ ಟಿಷಿಯನ್, ರ್‍ಯಾಫೆಲ್, ವ್ಯಾನ್ ಡೈಕರ ಕೃತಿಗಳ ಪ್ರತಿಗಳನ್ನು ಕಾಣಬಹುದಾಗಿತ್ತು. ವಸಾಹತುಗಳಲ್ಲಿ ಅಂಥ ಕೋಣೆ ಇನ್ನೊಂದಿರಲಿಲ್ಲ.

ಈ ಮನೆಯ ಕಥೆಯಲ್ಲಿ ಮರೆಮಾಡಲಾಗದ ಒಂದು ಕಪ್ಪು ಕಲೆಯೂ ಉಂಟು. ಅಂದಿನ ಬಾಸ್ಟನ್ನಿನ ಅನೇಕ ಅನುಕೂಲಸ್ಥರಂತೆ ಸ್ಮೈಬರ್ಟನೂ ಆಫ್ರಿಕ ಮೂಲದ ಮನುಷ್ಯನೊಬ್ಬನನ್ನು ಗುಲಾಮನಾಗಿ ಇರಿಸಿಕೊಂಡಿದ್ದನು. ಅವನ ಹೆಸರು ಕಫಿ. 1737ರ ಸೆಪ್ಟೆಂಬರಿನಲ್ಲಿ ಕಫಿಯು ಮನೆಯಿಂದ ತಪ್ಪಿಸಿಕೊಂಡು ಹೋದನು. ಅವನನ್ನು ಹಿಡಿದುಕೊಡಬೇಕೆಂದು ಚಿತ್ರಕಾರನು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟನು. ಅವನ ಉಡುಪಿಗೆ ಬಣ್ಣ ಮೆತ್ತಿಕೊಂಡಿದ್ದುದು ಆ ಪ್ರಕಟಣೆಯಲ್ಲಿ ಹೇಳಿದ ಗುರುತುಗಳಲ್ಲೊಂದು. ನ್ಯಾಯಾಧೀಶರ, ವರ್ತಕರ, ಅವರ ಪತ್ನಿಯರ ಮುಖಗಳು ಹೊಮ್ಮಿದ ಆ ಕೋಣೆಯ ಬಣ್ಣ ಇವನ ಬಟ್ಟೆಗೂ ಅಂಟಿತ್ತು. ಆದರೆ ಇವನ ಮುಖವನ್ನು ತೋರುವ ಚಿತ್ರವೊಂದೂ ನಮಗೆ ಉಳಿದುಬಂದಿಲ್ಲ. ಗುಲಾಮಗಿರಿಯನ್ನು ಖಂಡಿಸಿದ ಸೂಯಲ್‌ನ ಮುಖವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು, ತನ್ನ ಮನೆಯೊಳಗೇ ಇದ್ದ ಮನುಷ್ಯನ ಸ್ವಾತಂತ್ರ್ಯದ ಹಂಬಲವನ್ನು ಕಾಣದೆ ಹೋಯಿತು. ಯಾರ ಮುಖ ಉಳಿಯಬೇಕು, ಯಾರದು ಅಳಿಯಬೇಕು ಎಂಬುದನ್ನು ಆ ಕಾಲದಲ್ಲಿ ಹಣವೂ ಅಧಿಕಾರವೂ ನಿರ್ಧರಿಸುತ್ತಿದ್ದವು. ಹಳೆಯ ಭಾವಚಿತ್ರಗಳನ್ನು ನೋಡುವಾಗ, ಚೌಕಟ್ಟಿನೊಳಗೆ ಬಾರದೆ ಹೋದವರನ್ನೂ ನೆನೆಯುವುದು ನಮ್ಮ ಕರ್ತವ್ಯ.

ಚಿತ್ರಕಲೆಯ ಜೊತೆಗೆ ವಾಸ್ತುಶಿಲ್ಪವನ್ನೂ ಬೋಧಿಸಲು ಬಂದಿದ್ದ ಸ್ಮೈಬರ್ಟನಿಗೆ ಆ ವಿದ್ಯೆಯನ್ನು ತೋರುವ ಸಂದರ್ಭವೂ ಒದಗಿತು. 1740ರಲ್ಲಿ ಪೀಟರ್ ಫಾನೆಲ್ ಎಂಬ ಶ್ರೀಮಂತ ವರ್ತಕನು ಊರಿಗೊಂದು ಮಾರುಕಟ್ಟೆಯನ್ನು ಸ್ವಂತ ಖರ್ಚಿನಿಂದ ಕಟ್ಟಿಸಿಕೊಡುವುದಾಗಿ ಹೇಳಿದನು. ಈ ದಾನವನ್ನು ಸ್ವೀಕರಿಸಬೇಕೆ ಬೇಡವೆ ಎಂದು ಊರವರು ಮತ ಹಾಕಿದರು. ಪರವಾಗಿ 367, ವಿರುದ್ಧವಾಗಿ 360 ಮತಗಳು ಬಂದವು. ಏಳು ಮತಗಳ ಅಂತರದಿಂದ ದಾನ ಉಳಿದುಕೊಂಡಿತು! ಇಟ್ಟಿಗೆಯ ಆ ಕಟ್ಟಡದ ವಿನ್ಯಾಸವನ್ನು ರಚಿಸಿದವನು ಸ್ಮೈಬರ್ಟ್. ಕೆಳಗೆ ಕಮಾನುಗಳ ಮಾರುಕಟ್ಟೆ, ಮೇಲೆ ಊರ ಸಭೆಯ ಹಜಾರ. 1742ರಲ್ಲಿ ಅದು ಪೂರ್ಣಗೊಂಡಿತು. 1761ರಲ್ಲಿ ಬೆಂಕಿಗೆ ತುತ್ತಾಗಿ ಮತ್ತೆ ಕಟ್ಟಲ್ಪಟ್ಟಿತು. 1805–06ರಲ್ಲಿ ಚಾರ್ಲ್ಸ್ ಬುಲ್‌ಫಿಂಚ್ ಎಂಬ ವಾಸ್ತುಶಿಲ್ಪಿಯು ಅದನ್ನು ಬಹಳ ಹಿಗ್ಗಿಸಿದನು. ಬ್ರಿಟಿಷರ ತೆರಿಗೆಗಳನ್ನು ಪ್ರತಿಭಟಿಸಿದ ಬಾಸ್ಟನ್ನಿನ ನಾಗರಿಕರು ಸಭೆ ಸೇರಿದ್ದು ಅಲ್ಲಿಯೇ. ‘ಸ್ವಾತಂತ್ರ್ಯದ ತೊಟ್ಟಿಲು’ ಎಂದು ಅಮೆರಿಕನ್ನರು ಅದನ್ನು ಕರೆಯುತ್ತಾರೆ. ಆದರೆ ಕಟ್ಟಿಸಿದ ಫಾನೆಲನ ಸಂಪತ್ತಿನಲ್ಲಿ ಗುಲಾಮರ ವ್ಯಾಪಾರದ ಹಣವೂ ಬೆರೆತಿತ್ತು ಎಂಬುದನ್ನು ಇತಿಹಾಸವು ಮರೆತಿಲ್ಲ.

ವಯಸ್ಸು ಐವತ್ತು ದಾಟಿದಂತೆ ಸ್ಮೈಬರ್ಟನ ದೃಷ್ಟಿ ಮಂದವಾಗತೊಡಗಿತು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಸಂಕಟವುಂಟೆ? ಲಂಡನ್ನಿನಲ್ಲಿದ್ದ ಮಿತ್ರ ಆರ್ಥರ್ ಪಾಂಡನಿಗೆ 1740ರ ದಶಕದಲ್ಲಿ ಅವನು ಬರೆದ ಪತ್ರಗಳಲ್ಲಿ ಅಂಗಡಿಗೆ ಬೇಕಾದ ಸರಕುಗಳ ಮಾತಿನ ನಡುವೆ ಈ ಸೂಚನೆಯೂ ಇದೆ. ಆದರೆ ಗೋಳಾಟವಿಲ್ಲ. ನಿಸರ್ಗದೃಶ್ಯಗಳನ್ನು ಬರೆಯುತ್ತ ಮನಸ್ಸನ್ನು ಸಂತೋಷಪಡಿಸಿಕೊಳ್ಳುತ್ತಿದ್ದೇನೆಂದೂ, ಅದು ತನಗೆ ಮೊದಲಿನಿಂದಲೂ ಪ್ರಿಯವಾದುದೆಂದೂ ಅವನು ತಿಳಿಸಿದ್ದಾನೆ. 1745ರಲ್ಲಿ ಫ್ರೆಂಚರ ಲೂಯಿಸ್‌ಬರ್ಗ್ ಕೋಟೆಯನ್ನು ಗೆದ್ದ ದಳಪತಿ ವಿಲಿಯಂ ಪೆಪರೆಲ್ಲನ ಆಳೆತ್ತರದ ಚಿತ್ರವು ಅವನ ಕೊನೆಯ ದೊಡ್ಡ ಕೆಲಸಗಳಲ್ಲೊಂದು. 1746ರ ಹೊತ್ತಿಗೆ ಅವನ ಪುಸ್ತಕದ ಬರವಣಿಗೆ ನಿಲ್ಲುತ್ತದೆ. ಅಮೆರಿಕಕ್ಕೆ ಬಂದ ಮೇಲೆ ಬರೆದ 241 ಭಾವಚಿತ್ರಗಳ ಲೆಕ್ಕ ಅದರಲ್ಲಿದೆ. 1751ರ ಏಪ್ರಿಲ್ 2ರಂದು ಅವನು ಬಾಸ್ಟನ್ನಿನಲ್ಲಿ ತೀರಿಕೊಂಡನು. ಚಿತ್ರಕಲೆಯಲ್ಲಿ ಪರಿಶ್ರಮವಿದ್ದ ಮಗ ನಥಾನಿಯಲ್ ಐದೇ ವರ್ಷಗಳಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತಂದೆಯನ್ನು ಹಿಂಬಾಲಿಸಿದನು. ಮನೆತನದ ಕುಂಚ ಅಲ್ಲಿಗೆ ನಿಂತಿತು.

ಆದರೆ ಕೋಣೆ ಮುಚ್ಚಲಿಲ್ಲ. ಸೋದರಳಿಯ ಜಾನ್ ಮೊಫಟ್ ಅಂಗಡಿಯನ್ನು ನಡೆಸಿಕೊಂಡು ಬಂದನು; ಚಿತ್ರಗಳು ಗೋಡೆಯ ಮೇಲೆಯೇ ಇದ್ದವು. ಅದೇ ಊರಿನಲ್ಲಿ ಬೆಳೆಯುತ್ತಿದ್ದ ಜಾನ್ ಸಿಂಗಲ್‌ಟನ್ ಕಾಪ್ಲೆ ಎಂಬ ಬಾಲಕನಿಗೆ ಸ್ಮೈಬರ್ಟನು ತೀರಿಕೊಂಡಾಗ ಹನ್ನೆರಡು ವರ್ಷ. ಯೂರೋಪನ್ನು ಕಾಣದೆಯೇ ವಸಾಹತುಗಳ ಅತಿಶ್ರೇಷ್ಠ ಭಾವಚಿತ್ರಕಾರನಾಗಿ ಬೆಳೆದ ಈತನಿಗೆ ಬಣ್ಣದ ದೊಡ್ಡ ಪರಂಪರೆಯ ಪರಿಚಯ ದೊರೆತದ್ದು ಆ ಪ್ರತಿಗಳಿಂದಲೇ. 1765ರಲ್ಲಿ ಮೇರಿಲೆಂಡಿನಿಂದ ಬಾಸ್ಟನ್ನಿಗೆ ಬಂದ ಚಾರ್ಲ್ಸ್ ವಿಲ್ಸನ್ ಪೀಲ್ ಬಣ್ಣ ಕೊಳ್ಳಲು ಆ ಅಂಗಡಿಯನ್ನು ಹೊಕ್ಕನು. ಕುದುರೆಯ ಜೀನು ಹೊಲಿಯುವ ಕಸುಬಿನಿಂದ ಬಂದಿದ್ದ ಅವನು ಅಲ್ಲಿನ ಚಿತ್ರಗಳನ್ನು ಕಂಡು ಬೆರಗಾದನು. ಮುಂದೆ ಜಾರ್ಜ್ ವಾಷಿಂಗ್ಟನ್ನನನ್ನು ಎದುರಿಗೆ ಕೂರಿಸಿಕೊಂಡು ಹಲವು ಬಾರಿ ಬರೆದನು. ಕ್ರಾಂತಿಯ ಯುದ್ಧ ನಡೆಯುತ್ತಿದ್ದಾಗ ಸೈನ್ಯವನ್ನು ಬಿಟ್ಟುಬಂದ ಜಾನ್ ಟ್ರಂಬಲ್ ಅದೇ ಕೋಣೆಯನ್ನು ಬಾಡಿಗೆಗೆ ಹಿಡಿದು, ಕಾರ್ಡಿನಲ್ ಬೆಂಟಿವೋಲಿಯೋನ ಚಿತ್ರವನ್ನು ಎದುರಿಗಿಟ್ಟುಕೊಂಡು ಪ್ರತಿಮಾಡಿದನು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪ್ರಸಿದ್ಧ ಚಿತ್ರವನ್ನು ಬರೆದವನು ಈ ಟ್ರಂಬಲ್. ಶತಮಾನದ ಕೊನೆಯಲ್ಲಿ ಹಾರ್ವರ್ಡಿನ ವಿದ್ಯಾರ್ಥಿಯಾಗಿದ್ದ ವಾಷಿಂಗ್ಟನ್ ಆಲ್‌ಸ್ಟನ್ ಕೂಡ ಮೈಬಣ್ಣವನ್ನು ಬರೆಯುವುದನ್ನು ಕಲಿಯುವಾಗ ಬೆಂಟಿವೋಲಿಯೋನ ಅದೇ ಪ್ರತಿಯನ್ನು ಆಶ್ರಯಿಸಿದನು. ಫ್ಲಾರೆನ್ಸಿನ ಚಿತ್ರಶಾಲೆಯಲ್ಲಿ ಬಡ ಚಿತ್ರಕಾರನೊಬ್ಬನು ನಿಂತುಕೊಂಡು ಬರೆದ ಒಂದು ಪ್ರತಿ ಎಂಬತ್ತು ವರ್ಷಗಳ ಬಳಿಕವೂ ಶಿಷ್ಯರನ್ನು ತಯಾರುಮಾಡುತ್ತಿತ್ತು.

ಸ್ಮೈಬರ್ಟನು ಜಗತ್ತಿನ ಮಹಾಕಲಾವಿದರ ಪಂಕ್ತಿಗೆ ಸೇರಿದವನಲ್ಲ. ಅವನ ಚಿತ್ರಗಳಲ್ಲಿ ಕೈಗಳು ಕೆಲವೆಡೆ ಬಿಗಿದುಕೊಂಡಿವೆ. ಎಷ್ಟೋ ಮುಖಗಳು ಒಂದೇ ಅಚ್ಚಿನಿಂದ ಬಂದವೇನೋ ಎನ್ನುವಂತೆ ತೋರುತ್ತವೆ. ಅವನ ಶಿಷ್ಯರೆನ್ನಬಹುದಾದವರು ಅವನನ್ನು ಮೀರಿ ಬೆಳೆದರು. ಶಿಷ್ಯರು ಮೀರಿ ಬೆಳೆಯುವಂತೆ ನೆಲ ಹದಮಾಡುವುದೇ ಗುರುವಿನ ಕೆಲಸವಾದರೆ, ಆ ಕೆಲಸವನ್ನು ಅವನು ಚೆನ್ನಾಗಿ ಮಾಡಿದನು. ರಾಜನ ಸನ್ನದು, ಪಾರ್ಲಿಮೆಂಟಿನ ಒಪ್ಪಿಗೆ, ತತ್ತ್ವಜ್ಞಾನಿಯ ಪ್ರತಿಭೆ ಇವೆಲ್ಲ ಸೇರಿಯೂ ಕಟ್ಟಲಾಗದ ಕಾಲೇಜನ್ನು ಬಣ್ಣದ ಅಂಗಡಿಯ ಮಹಡಿಯ ಒಂದು ಕೋಣೆ ತನಗೆ ತಿಳಿಯದಂತೆಯೇ ನಡೆಸಿತು. ಅಲ್ಲಿ ಪ್ರವೇಶಪತ್ರವಿರಲಿಲ್ಲ, ಪರೀಕ್ಷೆಯಿರಲಿಲ್ಲ. ನೋಡುವ ಕಣ್ಣೊಂದಿದ್ದರೆ ಸಾಕಾಗಿತ್ತು.

ಯೇಲಿನ ಕಲಾಶಾಲೆಯಲ್ಲಿರುವ ‘ಬರ್ಮುಡಾ ತಂಡ’ದಲ್ಲಿ ಬರ್ಕ್ಲಿಯ ದೃಷ್ಟಿ ಇಂದಿಗೂ ದೂರದ ಯಾವುದೋ ಲೋಕದ ಮೇಲೆ ನೆಟ್ಟಿದೆ. ಎಡ ಅಂಚಿನಲ್ಲಿ ನಿಂತ ಚಿತ್ರಕಾರನು ಮಾತ್ರ ತನ್ನೆದುರಿಗೆ ಬಂದು ನಿಂತವರನ್ನು ನೋಡುತ್ತಿದ್ದಾನೆ.